ಡಿಶ್ಲಿಯ ಕುರಿಗಾರ ರಾಬರ್ಟ್ ಬೇಕ್‌ವೆಲ್

ಕಳೆದ ದೀಪಾವಳಿ ರಜೆಯಲ್ಲಿ ನನ್ನ ತಂಗಿಯ ಮಗನು ಪುಣೆಯಿಂದ ಊರಿಗೆ ಬಂದಿದ್ದನು. ಒಂಬತ್ತನೆಯ ತರಗತಿಯ ಹುಡುಗ. ಬಂದ ದಿನದಿಂದ ಕೈಯಲ್ಲಿ ಆಟದ ಯಂತ್ರವನ್ನು ಹಿಡಿದು ಮೂಲೆಯಲ್ಲಿ ಕುಳಿತವನು ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಏನದು ಎಂದು ಕೇಳಿದೆನು. ಪೋಕೆಮಾನ್ ಎಂಬ ಜಪಾನೀ ಆಟವಂತೆ. ಚಿತ್ರವಿಚಿತ್ರ ಪ್ರಾಣಿಗಳನ್ನು ಹಿಡಿದು ಸಾಕುವುದು, ಅವುಗಳನ್ನು ಒಂದರ ಮೇಲೊಂದು ಕಾದಾಟಕ್ಕೆ ಬಿಡುವುದು. ಅದರಲ್ಲಿ ಒಂದು ಗಂಡನ್ನೂ ಒಂದು ಹೆಣ್ಣನ್ನೂ ಜೊತೆಗೆ ಬಿಟ್ಟರೆ ಮೊಟ್ಟೆಯಾಗುತ್ತದೆ. ಪ್ರತಿಯೊಂದು ಪ್ರಾಣಿಗೂ ಬಲ, ವೇಗ, ರಕ್ಷಣೆ ಮುಂತಾಗಿ ಆರು ಗುಣಗಳಿದ್ದು, ಒಂದೊಂದು ಗುಣಕ್ಕೂ ಸೊನ್ನೆಯಿಂದ 31ರ ತನಕ ಒಂದು ಗುಪ್ತ ಅಂಕೆ ಹುಟ್ಟಿನಿಂದಲೇ ಅಂಟಿಕೊಂಡಿರುತ್ತದೆ. ಸಾಮಾನ್ಯವಾಗಿ ಮರಿಯು ಅವುಗಳಲ್ಲಿ ಮೂರನ್ನು ತಂದೆತಾಯಿಗಳಿಂದ ಪಡೆಯುತ್ತದೆ. ಉಳಿದವು ಅದೃಷ್ಟದ ಪಾಲು. ನನ್ನ ಅಳಿಯನು ನೂರಾರು ಮೊಟ್ಟೆಗಳನ್ನು ಒಡೆಯಿಸಿ, ಒಳ್ಳೆಯ ಮರಿಯನ್ನು ಇಟ್ಟುಕೊಂಡು, ಉಳಿದವನ್ನು ಬಿಟ್ಟು, ಆರೂ ಗುಣಗಳಲ್ಲಿ 31 ಇರುವ ಒಂದೇ ಒಂದು ಮರಿಗಾಗಿ ಮೂರು ದಿನ ಕುಳಿತಿದ್ದನು.

ಬೈಯಬೇಕೆಂದು ಹೋದವನು ಬೈಯದೆ ಹಿಂದಿರುಗಿದೆನು. ಏಕೆಂದರೆ ಇದು ನಮ್ಮ ಜತ್ತ ತಾಲೂಕಿನವರಿಗೆ ಹೊಸ ವಿದ್ಯೆಯಲ್ಲ. ಗಿಣಿಯ ಕೊಕ್ಕಿನಂತೆ ಬಾಗಿದ ಮೂಗಿನ ಮಾಡಗ್ಯಾಳ ಟಗರಿಗೆ ಲಕ್ಷಗಟ್ಟಲೆ ಬೆಲೆ ಕಟ್ಟುವವರು ನಮ್ಮಲ್ಲಿಯೇ ಇದ್ದಾರೆ. ಅವರು ಕೊಳ್ಳುವುದು ಟಗರಿನ ಮಾಂಸವನ್ನಲ್ಲ, ಅದರ ಹೊಟ್ಟೆಯಲ್ಲಿ ಇನ್ನೂ ಹುಟ್ಟದೆ ಇರುವ ಮರಿಗಳನ್ನು. ಟಗರಿನ ಹೊಟ್ಟೆಯಲ್ಲಿ ಮರಿ ಎಲ್ಲಿಂದ ಬಂತು ಎಂದು ನಗಬೇಡಿರಿ. ಮುಂದೆ ಓದಿದರೆ ತಿಳಿದೀತು. ಈ ವ್ಯವಹಾರವನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಏರಿಸಿದವನು ಈಗ ಮುನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಹುಟ್ಟಿದ ಒಬ್ಬ ಗೇಣಿಯ ಒಕ್ಕಲಿಗ. ಅವನ ಹೆಸರು ರಾಬರ್ಟ್ ಬೇಕ್‌ವೆಲ್. ಅವನ ಬಾಳಿನ ಕಥೆಯನ್ನು ಈ ಸಲ ನಿಮಗಾಗಿ ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ನಡುಮಧ್ಯದಲ್ಲಿ ಲೆಸ್ಟರ್‌ಶೈರ್ ಎಂಬ ಜಿಲ್ಲೆಯಿದೆ. ಅಲ್ಲಿಯ ಲಫ್‌ಬರೋ ಪಟ್ಟಣದ ಹತ್ತಿರ ಡಿಶ್ಲಿ ಎಂಬುದು ಒಂದು ಸಣ್ಣ ಸ್ಥಳ. ಬೇಕ್‌ವೆಲ್ಲನು 1725ರಲ್ಲಿ ಅಲ್ಲಿ ಜನಿಸಿದನು. ತಂದೆಯ ಹೆಸರೂ ರಾಬರ್ಟ್ ಎಂದೇ. ಮನೆತನಕ್ಕೆ ಸುಮಾರು 440 ಎಕರೆ ಜಮೀನಿನ ಸಾಗುವಳಿ ಇತ್ತು. ನಮ್ಮ ಕಣ್ಣಿಗೆ ಇದು ಜಹಗೀರದಾರಿಕೆಯಂತೆ ಕಂಡರೂ ಭೂಮಿ ಅವರ ಸ್ವಂತದ್ದಲ್ಲ. ಒಡೆಯನಿಗೆ ವರ್ಷವರ್ಷವೂ ಗೇಣಿ ತೆತ್ತು ಉಳುವವರು ಅವರು. ಈ ಮಾತನ್ನು ನೆನಪಿನಲ್ಲಿಡಿರಿ. ಮುಂದೆ ಅವನು ಮಾಡಿದ ಎಲ್ಲ ಪ್ರಯೋಗಗಳೂ ಇನ್ನೊಬ್ಬರ ಭೂಮಿಯ ಮೇಲೆ, ಗೇಣಿಯ ಹಣ ಹೊಂದಿಸಬೇಕಾದ ಚಿಂತೆಯ ನಡುವೆ ನಡೆದವು.

ತಂದೆಯೂ ಹೊಸದನ್ನು ಪ್ರಯತ್ನಿಸುವ ಮನುಷ್ಯನೇ ಆಗಿದ್ದನು. ಮಗನನ್ನು ಯೌವನದಲ್ಲಿ ದೇಶಸಂಚಾರಕ್ಕೆ ಬಿಟ್ಟನು. ತರುಣ ಬೇಕ್‌ವೆಲ್ಲನು ಇಂಗ್ಲೆಂಡಿನ ನಾನಾ ಜಿಲ್ಲೆಗಳನ್ನೂ ಯುರೋಪ್ ಖಂಡದ ಕೆಲವು ಪ್ರದೇಶಗಳನ್ನೂ ಸುತ್ತಿದನು. ಎಲ್ಲಿ ಹೋದರೂ ಒಕ್ಕಲಿಗರು ಯಾವ ದನ ಕಟ್ಟಿದ್ದಾರೆ, ಏನು ಮೇಯಿಸುತ್ತಾರೆ ಎಂಬುದನ್ನು ನೋಡುವುದೇ ಅವನ ಯಾತ್ರೆ. ಹೀಗೆ ಕಣ್ಣು ಪಳಗಿಸಿಕೊಂಡು ಬಂದವನ ಕೈಗೆ ಸುಮಾರು 1760ರ ಹೊತ್ತಿಗೆ ಡಿಶ್ಲಿಯ ಆಡಳಿತ ಪೂರ್ಣವಾಗಿ ಬಂದಿತು. ಆಗ ಅವನ ವಯಸ್ಸು ಮೂವತ್ತೈದು.

ಅಂದಿನ ಕಾಲದ ಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು. ಊರ ಮುಂದಿನ ಗೋಮಾಳದಲ್ಲಿ ಎಲ್ಲರ ದನಕುರಿಗಳೂ ಕೂಡಿ ಮೇಯುತ್ತಿದ್ದವು. ಯಾವ ಟಗರು ಯಾವ ಕುರಿಯನ್ನು ಕೂಡಿತು ಎಂಬುದು ದೇವರಿಗೇ ಗೊತ್ತು. ಕುರಿಯನ್ನು ಸಾಕುತ್ತಿದ್ದುದು ಮುಖ್ಯವಾಗಿ ಉಣ್ಣೆಗಾಗಿ ಮತ್ತು ಹೊಲದ ಗೊಬ್ಬರಕ್ಕಾಗಿ. ದನವನ್ನು ದುಡಿಮೆಗಾಗಿ ಮತ್ತು ಹಾಲಿಗಾಗಿ. ಮುದಿಯಾದ ಮೇಲೆ ಕಟುಕನಿಗೆ ಮಾರುವುದು. ಅದರ ಮೇಲೆ ಒಂದು ವಿಚಿತ್ರ ರೂಢಿಯೂ ಇತ್ತು: ಚೆನ್ನಾಗಿ ಮೈತುಂಬಿದ ಮರಿಗೆ ಬೇಗ ಬೆಲೆ ಬರುತ್ತದೆಂದು ಅದನ್ನೇ ಮೊದಲು ಮಾರಿ, ಯಾರೂ ಕೊಳ್ಳದೆ ಉಳಿದ ಬಡಕಲನ್ನು ಹಿಂಡಿನಲ್ಲಿ ಬಿಡುತ್ತಿದ್ದರು. ಹೀಗೆ ಮಾಡಿದರೆ ಹಿಂಡು ವರ್ಷದಿಂದ ವರ್ಷಕ್ಕೆ ಹಾಳಾಗದೆ ಇನ್ನೇನಾದೀತು?

ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಗೋಮಾಳಗಳಿಗೆ ಬೇಲಿ ಬೀಳತೊಡಗಿತು. ಪಾರ್ಲಿಮೆಂಟಿನ ಕಾನೂನುಗಳ ಬಲದಿಂದ ಸಾಮಾನ್ಯ ಭೂಮಿಯನ್ನು ದೊಡ್ಡವರು ತಮ್ಮತಮ್ಮ ಪಾಲಿಗೆ ಸುತ್ತುವರಿದುಕೊಂಡರು. ಒಂದು ಆಕಳು, ನಾಲ್ಕು ಕುರಿ ಇಟ್ಟುಕೊಂಡು ಬದುಕುತ್ತಿದ್ದ ಬಡವರಿಗೆ ಮೇವಿನ ಹಕ್ಕು ತಪ್ಪಿತು, ಅನೇಕರು ಕೂಲಿಗಳಾದರು. ಬೇಕ್‌ವೆಲ್ಲನ ಸಾಧನೆಯನ್ನು ಹೊಗಳುವಾಗ ಇದನ್ನು ಮರೆಯುವುದು ನ್ಯಾಯವಲ್ಲ. ಬೇಲಿಯಿಲ್ಲದೆ ಅವನ ಕೆಲಸ ಸಾಧ್ಯವಿರಲಿಲ್ಲ. ಗಂಡುಗಳನ್ನೂ ಹೆಣ್ಣುಗಳನ್ನೂ ಬೇರೆಬೇರೆ ಹೊಲಗಳಲ್ಲಿ ಇಟ್ಟು, ತಾನು ಬೇಕೆಂದಾಗ, ಬೇಕಾದ ಜೋಡಿಯನ್ನು ಮಾತ್ರ ಕೂಡಿಸುವುದಕ್ಕೆ ಬೇಲಿಯೇ ಮೊದಲ ಉಪಕರಣ.

ಡಿಶ್ಲಿಯ ಹೊಲವನ್ನು ನೋಡಲು ಬಂದವರಲ್ಲಿ ಆರ್ಥರ್ ಯಂಗ್ ಎಂಬ ಪ್ರಸಿದ್ಧ ಕೃಷಿ ಲೇಖಕನೊಬ್ಬನಿದ್ದನು. 1771ರಲ್ಲಿ ಪ್ರಕಟವಾದ ಅವನ ಪ್ರವಾಸ ಗ್ರಂಥದಿಂದ ನಮಗೆ ಅನೇಕ ವಿವರಗಳು ದೊರೆಯುತ್ತವೆ. ಆ 440 ಎಕರೆಗಳಲ್ಲಿ ಸುಮಾರು 60 ಕುದುರೆಗಳು, 400 ದೊಡ್ಡ ಕುರಿಗಳು, 150 ದನಗಳು ಸಾಕಣೆಯಾಗುತ್ತಿದ್ದವು. ಉತ್ತ ಭೂಮಿ ಕಾಲು ಪಾಲು, ಉಳಿದುದೆಲ್ಲ ಹುಲ್ಲುಗಾವಲು. ಚಳಿಗಾಲದಲ್ಲಿ ದನಗಳನ್ನು ಒಂದು ಎತ್ತರದ ಕಲ್ಲುಹಾಸಿನ ಕಟ್ಟೆಯ ಮೇಲೆ ಸಾಲಾಗಿ ಕಟ್ಟುತ್ತಿದ್ದರು. ಆ ಕಟ್ಟೆ ದನವೊಂದು ನಿಲ್ಲುವಷ್ಟೇ ಅಗಲವಿದ್ದು, ಸಗಣಿಯು ಹಿಂದಿನ ತಗ್ಗಿಗೆ ಬೀಳುತ್ತಿತ್ತು. ಹಾಗಾಗಿ ದನಗಳ ಕೆಳಗೆ ಹುಲ್ಲು ಹಾಸಿ ಕೆಡಿಸುವ ಅಗತ್ಯವಿರಲಿಲ್ಲ.

ನೀರಿನ ವಿಷಯದಲ್ಲಿ ಅವನ ಜಾಣತನ ಇನ್ನೂ ದೊಡ್ಡದು. ಹತ್ತಿರದ ಹೊಳೆಯಿಂದ ಕಾಲುವೆ ತೆಗೆದು ಹುಲ್ಲುಗಾವಲಿಗೆ ನೀರು ಹಾಯಿಸಿದನು. ನೀರು ಹಾಯಿಸಿದ ತುಂಡಿನ ಪಕ್ಕದಲ್ಲಿಯೇ ನೀರು ಹಾಯಿಸದ ಒಂದು ತುಂಡನ್ನು ಬೇಕೆಂದೇ ಬಿಡುತ್ತಿದ್ದನು. ಬಂದವರಿಗೆ ಬಾಯಿಂದ ವಾದಿಸುವ ಬದಲು ಎರಡನ್ನೂ ತೋರಿಸಿದರೆ ಸಾಕಾಗುತ್ತಿತ್ತು. ದನಗಳ ಮೇವಿಗಾಗಿ ಬೆಳೆದ ಟರ್ನಿಪ್ ಗಡ್ಡೆಗಳನ್ನು ಕಾಲುವೆಯಲ್ಲಿ ದೋಣಿಯಲ್ಲಿ ಸಾಗಿಸುವ ಏರ್ಪಾಡು ಮಾಡಿದ್ದನು. ಆಮೇಲೆ ದೋಣಿಯೂ ಬೇಡವೆಂದು ಗಡ್ಡೆಗಳನ್ನೇ ನೀರಿಗೆ ಎಸೆದುಬಿಡತೊಡಗಿದನು. ಅವು ತೇಲುತ್ತ ಕೊಟ್ಟಿಗೆಯ ಬಳಿಗೆ ಬರುವಷ್ಟರಲ್ಲಿ ಮಣ್ಣು ತೊಳೆದು ಸ್ವಚ್ಛವಾಗಿರುತ್ತಿದ್ದವು.

ಅವನ ಹೊಲದಲ್ಲಿ ನೋಡಿದವರು ಬೆರಗಾದ ಇನ್ನೊಂದು ಸಂಗತಿಯೆಂದರೆ ಪ್ರಾಣಿಗಳ ಸಾಧು ಸ್ವಭಾವ. ಬೇರೆ ಕಡೆ ದೊಡ್ಡವರೂ ಹತ್ತಿರ ಹೋಗಲು ಅಂಜುವಂಥ ಹೋರಿಗಳನ್ನು ಇಲ್ಲಿ ಸಣ್ಣ ಹುಡುಗರು ಒಂದು ಎಳೆಯ ಕೋಲು ಹಿಡಿದು ಹೊಲದಿಂದ ಹೊಲಕ್ಕೆ ನಡೆಸಿಕೊಂಡು ಹೋಗುತ್ತಿದ್ದರು. ಬಡಿಯುವುದು, ಬಾಲ ತಿರುವುವುದು ಡಿಶ್ಲಿಯಲ್ಲಿ ನಿಷಿದ್ಧ. ಇದು ಕೇವಲ ದಯೆಯ ಮಾತಲ್ಲ ಎಂದು ನನಗೆ ಅನಿಸುತ್ತದೆ. ಬೆದರಿದ ಪ್ರಾಣಿ ತಿಂದದ್ದನ್ನು ಮೈಗೆ ಹಚ್ಚಿಕೊಳ್ಳುವುದಿಲ್ಲ. ನಮ್ಮ ಹಟ್ಟಿಯ ಹಿರಿಯರನ್ನು ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಕಾರ್ಖಾನೆಗಳು ಏಳುತ್ತಿದ್ದವು, ಪಟ್ಟಣಗಳು ಬೆಳೆಯುತ್ತಿದ್ದವು. ಪಟ್ಟಣದ ಜನಕ್ಕೆ ಮಾಂಸ ಬೇಕು. ಉಣ್ಣೆಗಾಗಿ ಕುರಿ ಸಾಕುವ ಕಾಲ ಹೋಗಿ ಮಾಂಸಕ್ಕಾಗಿ ಸಾಕುವ ಕಾಲ ಬರಲಿದೆಯೆಂದು ಬೇಕ್‌ವೆಲ್ಲನು ಬೇರೆಯವರಿಗಿಂತ ಮೊದಲೇ ಅರಿತನು. ಲೆಸ್ಟರ್ ಸೀಮೆಯ ಹಳೆಯ ಕುರಿ ದೊಡ್ಡ ಎಲುಬಿನದು, ಉದ್ದ ಕಾಲಿನದು, ನಿಧಾನವಾಗಿ ಬೆಳೆಯುವಂಥದು. ಬೇಕ್‌ವೆಲ್ಲನು ತನಗೆ ಬೇಕಾದ ಕುರಿಯ ರೂಪವನ್ನು ಮೊದಲು ಮನಸ್ಸಿನಲ್ಲಿ ಕಟ್ಟಿಕೊಂಡನು: ಎಲುಬು ಸಣ್ಣದಿರಬೇಕು, ತಲೆ ಚಿಕ್ಕದು, ಕಾಲು ಗಿಡ್ಡ, ಮೈ ಪೀಪಾಯಿಯಂತೆ ದುಂಡು, ಬೆನ್ನು ಅಗಲ, ಬೆಲೆಬಾಳುವ ಮಾಂಸ ಕೂಡುವ ಕಡೆಗೇ ತೂಕ ಕೂಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ ತಿಂದ ಮೇವಿಗೆ ತಕ್ಕಷ್ಟು ಮೈ ಬೇಗ ಬರಬೇಕು. ಬೇರೆ ಕುರಿಗಳು ಮೂರು ನಾಲ್ಕು ವರ್ಷಕ್ಕೆ ಕಟುಕನಿಗೆ ಸಿದ್ಧವಾದರೆ ಇವು ಎರಡು ವರ್ಷಕ್ಕೆ ಸಿದ್ಧವಾಗಬೇಕು. ಇಂಥ ಚಿತ್ರವನ್ನು ಮುಂದಿಟ್ಟುಕೊಂಡು, ಸುತ್ತಲಿನ ಹಿಂಡುಗಳಿಂದ ಅದಕ್ಕೆ ಸಮೀಪವಾದ ಕುರಿಗಳನ್ನು ಆರಿಸಿ ತಂದನು. ಯಾರ ಹಿಂಡಿನಿಂದ, ಯಾವ ತಳಿಯಿಂದ ತಂದನೆಂಬುದನ್ನು ಯಾರಿಗೂ ಹೇಳಲಿಲ್ಲ.

ಅವನು ಕಣ್ಣಿನಷ್ಟೇ ಕೈಯನ್ನೂ ನಂಬಿದವನು. ಕುರಿಯ ಬೆನ್ನು, ಪಕ್ಕೆ, ಬಾಲದ ಬುಡಗಳನ್ನು ಬೆರಳಿನಿಂದ ಒತ್ತಿ ನೋಡಿ ಕೊಬ್ಬಿನ ಮೃದುತ್ವವನ್ನು ಅಳೆಯುತ್ತಿದ್ದನು. ಒಳ್ಳೆಯ ಪ್ರಾಣಿಯೊಂದು ಸತ್ತರೆ ಅದರ ಎಲುಬಿನ ಹಂದರವನ್ನು ಸ್ವಚ್ಛಗೊಳಿಸಿ ಇಡುತ್ತಿದ್ದನು. ಮಾಂಸದ ತುಂಡುಗಳನ್ನು ಉಪ್ಪುನೀರಿನಲ್ಲಿ ಹಾಕಿ ಕಾಪಾಡುತ್ತಿದ್ದನು. ಮನೆಯ ಹಜಾರದಲ್ಲಿ ಇವೆಲ್ಲ ತೂಗಾಡುತ್ತಿದ್ದವಂತೆ. ನೆಂಟರಿಗೆ ಅಸಹ್ಯವಾದೀತು, ಆದರೆ ಅಜ್ಜನ ಎಲುಬಿಗೂ ಮೊಮ್ಮಗನ ಎಲುಬಿಗೂ ಎಷ್ಟು ವ್ಯತ್ಯಾಸವಾಯಿತೆಂದು ಪಕ್ಕಪಕ್ಕದಲ್ಲಿಟ್ಟು ನೋಡಲು ಅದಕ್ಕಿಂತ ಒಳ್ಳೆಯ ದಾರಿ ಆ ಕಾಲದಲ್ಲಿ ಯಾವುದಿತ್ತು?

ಇಲ್ಲಿಯ ತನಕ ಯಾರ ಆಕ್ಷೇಪಣೆಯೂ ಇರಲಿಲ್ಲ. ಅವನ ಮುಂದಿನ ಹೆಜ್ಜೆಯೇ ಜನರನ್ನು ದಂಗುಬಡಿಸಿತು. ತನಗೆ ಬೇಕಾದ ರೂಪ ಒಂದು ಟಗರಿನಲ್ಲಿ ಕಂಡರೆ ಅದನ್ನು ಅದರ ಮಗಳೊಡನೆ ಕೂಡಿಸಿದನು. ಮಗನನ್ನು ತಾಯಿಯೊಡನೆ, ತಮ್ಮನನ್ನು ಅಕ್ಕನೊಡನೆ ಕೂಡಿಸಿದನು. ಹೊರಗಿನ ರಕ್ತ ಬಂದರೆ ಗುಣ ಚೆದುರಿಹೋಗುತ್ತದೆ, ಒಳಗೊಳಗೇ ಕೂಡಿಸಿದರೆ ಗಟ್ಟಿಯಾಗುತ್ತದೆ ಎಂಬುದು ಅವನ ಅನುಭವ. ಜನರು ಇದನ್ನು ಪಾಪವೆಂದರು. ಹೀಗೆ ಮಾಡಿದರೆ ತಳಿ ಕ್ಷೀಣಿಸುತ್ತದೆಂದು ತಿಳಿದವರೂ ಎಚ್ಚರಿಸಿದರು. ಅವನು ಕೇಳಲಿಲ್ಲ.

ಯಾರು ಸರಿ? ಇಂದಿನ ವಿಜ್ಞಾನದ ಪ್ರಕಾರ ಇಬ್ಬರೂ ಸರಿ. ಪ್ರತಿಯೊಂದು ಗುಣಕ್ಕೂ ಕಾರಣವಾದ ಜೀನುಗಳು ಜೋಡಿಯಾಗಿರುತ್ತವೆ. ಒಂದು ತಂದೆಯದು, ಇನ್ನೊಂದು ತಾಯಿಯದು. ರಕ್ತಸಂಬಂಧಿಗಳನ್ನು ಕೂಡಿಸಿದಾಗ ಒಂದೇ ಬಗೆಯ ಎರಡು ಜೀನುಗಳು ಮರಿಯಲ್ಲಿ ಕೂಡುವ ಸಂಭವ ಹೆಚ್ಚು. ಒಳ್ಳೆಯದು ಕೂಡಿದರೆ ಮರಿಯು ಆ ಗುಣವನ್ನು ತಪ್ಪದೆ ತನ್ನ ಸಂತತಿಗೆ ದಾಟಿಸುತ್ತದೆ. ಆದರೆ ಕೆಟ್ಟ ಜೀನುಗಳು ಎಷ್ಟೋ ತಲೆಮಾರು ಒಳ್ಳೆಯದರ ಮರೆಯಲ್ಲಿ ಅಡಗಿರುತ್ತವೆ; ಅವೂ ಹೀಗೆಯೇ ಎರಡೆರಡು ಕೂಡಿ ಹೊರಬೀಳುತ್ತವೆ. ಆಗ ಮರಿಗಳು ಕಡಿಮೆಯಾಗುತ್ತವೆ, ಹಾಲು ಬತ್ತುತ್ತದೆ, ರೋಗ ತಡೆಯುವ ಶಕ್ತಿ ಕುಂದುತ್ತದೆ. ನನ್ನ ಅಳಿಯನ ಆಟದಲ್ಲಿ ಅಣ್ಣತಂಗಿಯರನ್ನು ಕೂಡಿಸಿದರೂ ಯಾವ ಬಾಧೆಯೂ ಇಲ್ಲವಂತೆ. ಅಲ್ಲಿ ಆರು ಅಂಕೆಗಳನ್ನು ನೋಡಿದರೆ ಮುಗಿಯಿತು. ಡಿಶ್ಲಿಯ ಟಗರಿನ ಹಣೆಯ ಮೇಲೆ ಯಾವ ಅಂಕೆಯನ್ನೂ ಯಾರೂ ಬರೆದಿರಲಿಲ್ಲ.

ಅಂಕೆಯಿಲ್ಲದ ಮೇಲೆ ಟಗರಿನ ಒಳಗಿನ ಗುಣವನ್ನು ತಿಳಿಯುವುದು ಹೇಗೆ? ಚೆಂದದ ಟಗರಿಗೆ ಚೆಂದದ ಮರಿಯೇ ಹುಟ್ಟುತ್ತದೆಂದು ಹೇಳಲಾಗದು. ಒಳ್ಳೆಯ ಮೇವು ತಿಂದು ಮೈತುಂಬಿದ ಟಗರೂ ಇರಬಹುದು, ಹುಟ್ಟುಗುಣದಿಂದ ಮೈತುಂಬಿದ ಟಗರೂ ಇರಬಹುದು. ನೋಡಲು ಎರಡೂ ಒಂದೇ. ಇದಕ್ಕೆ ಬೇಕ್‌ವೆಲ್ಲನು ಕಂಡುಹಿಡಿದ ಉಪಾಯವೇ ಅವನ ಬುದ್ಧಿಯ ಶಿಖರವೆಂದು ನಾನು ತಿಳಿಯುತ್ತೇನೆ. ಅವನು ಟಗರುಗಳನ್ನು ಮಾರಲಿಲ್ಲ, ಬಾಡಿಗೆಗೆ ಕೊಟ್ಟನು. ಒಂದು ಹಂಗಾಮಿಗೆ ನೆರೆಯ ಒಕ್ಕಲಿಗನ ಹಿಂಡಿಗೆ ಟಗರು ಹೋಗುತ್ತದೆ, ಹಂಗಾಮು ಮುಗಿದ ಮೇಲೆ ಡಿಶ್ಲಿಗೆ ಮರಳುತ್ತದೆ. ಮುಂದಿನ ವರ್ಷ ಬೇಕ್‌ವೆಲ್ಲನು ಆ ಹಿಂಡುಗಳನ್ನು ಹೋಗಿ ನೋಡುತ್ತಾನೆ. ಹತ್ತು ಊರುಗಳಲ್ಲಿ, ಹತ್ತು ಬಗೆಯ ಕುರಿಗಳಿಗೆ, ಹತ್ತು ಬಗೆಯ ಮೇವಿನ ಮೇಲೆ ಹುಟ್ಟಿ ಬೆಳೆದ ಮರಿಗಳನ್ನು ಹೋಲಿಸಿದರೆ ಯಾವ ಟಗರು ನಿಜವಾಗಿ ಒಳ್ಳೆಯದೆಂಬುದು ತಾನಾಗಿ ತಿಳಿಯುತ್ತದೆ. ಒಳ್ಳೆಯದೆಂದು ಸಿದ್ಧವಾದುದನ್ನು ತನ್ನ ಹಿಂಡಿಗೆ ಉಳಿಸಿಕೊಳ್ಳುವನು. ಪರೀಕ್ಷೆಯ ಖರ್ಚು ಬೇರೆಯವರದು, ಬಾಡಿಗೆಯ ಹಣ ತನಗೆ! ಇಂದು ಹೈನು ಹೋರಿಗಳ ಯೋಗ್ಯತೆಯನ್ನು ಅವುಗಳ ಹೆಣ್ಣುಕರುಗಳ ಹಾಲಿನಿಂದ ನಿರ್ಣಯಿಸುವ ಸಂತತಿ ಪರೀಕ್ಷೆಯ ಮೂಲ ಇಲ್ಲಿದೆ. ಟಗರಿನ ಹೊಟ್ಟೆಯಲ್ಲಿ ಮರಿಯಿರುತ್ತದೆಂದು ನಾನು ಮೊದಲು ಹೇಳಿದುದು ಈ ಅರ್ಥದಲ್ಲಿಯೇ.

ಆರಂಭದಲ್ಲಿ ಜನ ನಕ್ಕರು. 1760ರ ಸುಮಾರಿಗೆ ಮೊದಲ ಟಗರುಗಳು ಬಾಡಿಗೆಗೆ ಹೋದದ್ದು ಹದಿನಾರು ಹದಿನೇಳು ಶಿಲ್ಲಿಂಗಿಗೆ, ಎಂದರೆ ಒಂದು ಪೌಂಡಿಗೂ ಕಡಿಮೆ. ಇಪ್ಪತ್ತು ವರ್ಷ ಹೀಗೆಯೇ ನಿಧಾನವಾಗಿ ಸಾಗಿತು. ಆಮೇಲೆ ಬೆಲೆ ಏರಿದ ಬಗೆಯನ್ನು ನೋಡಿರಿ: 1786ರಲ್ಲಿ ಒಂದು ಹಂಗಾಮಿನ ಬಾಡಿಗೆ ಸುಮಾರು 1000 ಗಿನಿ, 1789ರಲ್ಲಿ ಸುಮಾರು 3000 ಗಿನಿ ಬಂದಿತೆಂದು ಆ ಕಾಲದವರು ಬರೆದಿದ್ದಾರೆ. ಒಂದು ಗಿನಿಯೆಂದರೆ 21 ಶಿಲ್ಲಿಂಗು. ಟೂ ಪೌಂಡರ್ ಎಂಬ ಹೆಸರಿನ ಒಂದೇ ಟಗರು ಒಂದು ಹಂಗಾಮಿನಲ್ಲಿ 800 ಗಿನಿ ತಂದುಕೊಟ್ಟಿತು. ಇಂಥ ಟಗರುಗಳನ್ನು ಕಾಲ್ನಡೆಯಲ್ಲಿ ಕಳಿಸುವ ಮಾತೇ ಇರಲಿಲ್ಲ. ಸ್ಪ್ರಿಂಗು ಹಾಕಿದ ಎರಡು ಗಾಲಿಯ ಗಾಡಿಯಲ್ಲಿ ಅವು ಸವಾರಿ ಮಾಡುತ್ತಿದ್ದವು. ಆಳು ಜೊತೆಗೆ ನಡೆಯುವನು, ಟಗರು ಗಾಡಿಯಲ್ಲಿ!

ಗುಟ್ಟು ಕಾಯುವುದರಲ್ಲಿ ಅವನು ಅತಿ ಮಾಡಿದನೆಂದೇ ಹೇಳಬೇಕು. ಯಾವುದಕ್ಕೆ ಯಾವುದನ್ನು ಕೂಡಿಸಿದೆನೆಂಬ ಲೆಕ್ಕವನ್ನು ಹೊರಗೆ ಬಿಡಲಿಲ್ಲ, ಒಂದು ಪುಸ್ತಕವನ್ನೂ ಬರೆಯಲಿಲ್ಲ. ಕಟುಕನಿಗೆ ಮಾರಿದ ಮುದಿಕುರಿಗಳನ್ನು ಯಾರಾದರೂ ಕೊಂಡು ತಮ್ಮ ಹಿಂಡಿಗೆ ಸೇರಿಸಿಕೊಂಡಾರೆಂಬ ಭಯದಿಂದ, ಮಾರುವ ಮೊದಲು ಅವುಗಳನ್ನು ಬೇಸಿಗೆಯಲ್ಲಿ ನೀರು ನಿಲ್ಲಿಸಿದ ಹುಲ್ಲುಗಾವಲಿನಲ್ಲಿ ಮೇಯಿಸಿ ಪಿತ್ತಕೋಶದ ಹುಳುರೋಗ ಹತ್ತಿಸುತ್ತಿದ್ದನೆಂದು ಸಮಕಾಲೀನರು ಬರೆದಿದ್ದಾರೆ. ಹೋರಿಗೆ ಕೋಲೆತ್ತಬಾರದೆಂದ ಮನುಷ್ಯನೇ ಇದನ್ನೂ ಮಾಡಿದನು. ಅವನ ಕೊನೆಯ ಹತ್ತು ಹನ್ನೆರಡು ವರ್ಷಗಳಲ್ಲಿ ಅವನೂ ಅವನ ತಳಿಯನ್ನು ಸಾಕುತ್ತಿದ್ದ ಕೆಲವು ದೊಡ್ಡ ಒಕ್ಕಲಿಗರೂ ಸೇರಿ ಡಿಶ್ಲಿ ಸಂಘವನ್ನು ಕಟ್ಟಿ, ಇಷ್ಟು ಗಿನಿಗಿಂತ ಕಡಿಮೆಗೆ ಟಗರು ಕೊಡಬಾರದು, ಇಂಥ ದಿನಗಳಲ್ಲಿ ಮಾತ್ರ ತೋರಿಸಬೇಕು ಎಂದು ಕಟ್ಟಳೆ ಮಾಡಿಕೊಂಡರು. ಸಣ್ಣ ಒಕ್ಕಲಿಗನಿಗೆ ಡಿಶ್ಲಿ ಟಗರು ಎಟುಕದ ಹಣ್ಣಾಯಿತು.

ಇಷ್ಟು ಹಣ ಬಂದ ಮೇಲೆ ಅವನು ಶ್ರೀಮಂತನಾಗಿ ಸತ್ತನೆಂದು ನೀವು ಭಾವಿಸಬಹುದು. ಹಾಗಾಗಲಿಲ್ಲ. ಬಾಡಿಗೆಯ ಹಣ ಹರಿದುಬರುವ ಮೊದಲು, 1776ರಲ್ಲಿ ಅವನು ದಿವಾಳಿಯಾದನು. ಕಾಲುವೆಗಳ ಖರ್ಚು, ದೂರದೂರದಿಂದ ಕೊಂಡು ತಂದ ಪ್ರಾಣಿಗಳ ಖರ್ಚು, ಎಲ್ಲಕ್ಕೂ ಮೇಲಾಗಿ ಅತಿಥಿಗಳ ಖರ್ಚು ಅವನನ್ನು ಹಣ್ಣು ಮಾಡಿದ್ದವು. ಐವತ್ತೊಂದನೆಯ ವಯಸ್ಸಿನಲ್ಲಿ ಊರೆಲ್ಲ ತಿಳಿಯುವಂತೆ ದಿವಾಳಿ ಎದ್ದವನು, ಬೇರೆ ಯಾರಾದರೂ ಆಗಿದ್ದರೆ ಹಿಂಡನ್ನು ಮಾರಿ ಸುಮ್ಮನಾಗುತ್ತಿದ್ದನು. ಅವನು ಹಿಂಡನ್ನು ಬಿಡಲಿಲ್ಲ. ಅನೇಕ ವರ್ಷಗಳ ಆಯ್ಕೆ ಆ ಹಿಂಡಿನ ರಕ್ತದಲ್ಲಿತ್ತು; ಒಮ್ಮೆ ಚೆದುರಿದರೆ ಮತ್ತೆ ಕೂಡಿಸಲು ಇನ್ನೊಂದು ಜನ್ಮ ಬೇಕಾಗುತ್ತಿತ್ತು. ಹೇಗೋ ಕಾಲೂರಿ ನಿಂತು, ಮುಂದಿನ ಹತ್ತು ವರ್ಷಗಳಲ್ಲಿ ಮೇಲಕ್ಕೆ ಬಂದನು.

ಅತಿಥಿಗಳ ಮಾತು ಬಂದುದರಿಂದ ಅದನ್ನು ಹೇಳಿಬಿಡುತ್ತೇನೆ. ಬೇಕ್‌ವೆಲ್ಲನು ಮದುವೆಯಾಗಲಿಲ್ಲ. ಸಹೋದರಿ ಹ್ಯಾನಾ ಮನೆಯನ್ನು ನೋಡಿಕೊಳ್ಳುತ್ತಿದ್ದಳು. ಆಳೆತ್ತರದ, ಅಗಲ ಮೈಯ, ಕೆಂಪು ಮುಖದ ಮನುಷ್ಯ. ಸಡಿಲವಾದ ಕಂದು ಕೋಟು, ಒಳಗೆ ಕೆಂಪು ವಾಸ್ಕೋಟು, ಚರ್ಮದ ಚಲ್ಲಣ, ಮೊಳಕಾಲುದ್ದದ ಬೂಟು. ಅಡುಗೆಮನೆಯ ಒಲೆಯ ಬಳಿ ಕುಳಿತು ಫ್ರಾನ್ಸಿನಿಂದ, ಜರ್ಮನಿಯಿಂದ, ರಷ್ಯಾದಿಂದ ಬಂದ ದೊಡ್ಡವರನ್ನೂ ನೆರೆಯ ಒಕ್ಕಲಿಗನನ್ನೂ ಒಂದೇ ಬಗೆಯಲ್ಲಿ ಮಾತನಾಡಿಸುತ್ತಿದ್ದನು. ಬೆಳಿಗ್ಗೆ ಎಂಟಕ್ಕೆ ಉಪಾಹಾರ, ಒಂದಕ್ಕೆ ಊಟ, ರಾತ್ರಿ ಒಂಬತ್ತಕ್ಕೆ ಮತ್ತೆ ಊಟ. ಹತ್ತೂವರೆಯಾಯಿತೆಂದರೆ ಎದುರಿಗೆ ಯಾರೇ ಕುಳಿತಿರಲಿ ಚಿಲುಮೆಯ ಬೂದಿ ಕೊಡವಿ ಮಲಗಲು ಹೊರಟುಬಿಡುತ್ತಿದ್ದನು. ಅವನು ಬೆಳೆಸಿದ ಕರಿಯ ಗಾಡಿಕುದುರೆಗಳ ಕೀರ್ತಿ ಅರಮನೆಗೂ ಮುಟ್ಟಿ, 1785ರಲ್ಲಿ ಒಂದು ಕುದುರೆಯನ್ನು ಲಂಡನ್ನಿಗೆ ಒಯ್ದು ಮೂರನೆಯ ಜಾರ್ಜ್ ದೊರೆಗೆ ತೋರಿಸಿದನು. ಆ ದೊರೆಗೂ ಒಕ್ಕಲುತನದ ಹುಚ್ಚಿತ್ತು.

ಕುರಿಯಲ್ಲಿ ಗೆದ್ದವನು ದನದಲ್ಲಿ ಅಷ್ಟು ಗೆಲ್ಲಲಿಲ್ಲ. ಉದ್ದ ಕೊಂಬಿನ ಲಾಂಗ್‌ಹಾರ್ನ್ ದನವನ್ನು ಅವನು ಆರಿಸಿಕೊಂಡನು. ಕ್ಯಾನ್ಲಿ ಎಂಬಲ್ಲಿಂದ ತಂದ ಕಡಸುಗಳಿಗೆ ವೆಸ್ಟ್‌ಮೋರ್‌ಲ್ಯಾಂಡಿನಿಂದ ತಂದ ಹೋರಿಯನ್ನು ಕೊಡಿಸಿ ಟೂಪೆನ್ನಿ ಎಂಬ ಹೆಸರಾಂತ ಹೋರಿಯನ್ನು ಪಡೆದನು. ಎರಡು ಪೆನ್ನಿ, ಎಂದರೆ ನಮ್ಮ ಎರಡು ಕಾಸಿನ ಹೋರಿ ಎಂದ ಹಾಗೆ! ಅದರ ತಾಯಿ ಕಾಮ್ಲಿ ಎಂಬ ಆಕಳು 26 ವರ್ಷ ಬಾಳಿತೆಂದು ಹೇಳುತ್ತಾರೆ. ಅದೇ ವಂಶದಿಂದ ರಾಲ್‌ರೈಟಿನ ಫೌಲರ್ ಎಂಬ ಒಕ್ಕಲಿಗನು ಶೇಕ್ಸ್‌ಪಿಯರ್ ಎಂಬ ಹೋರಿಯನ್ನು ಬೆಳೆಸಿದನು. 1791ರಲ್ಲಿ ಫೌಲರನ ದನಗಳು ಹರಾಜಾದಾಗ ನಾಲ್ಕು ಸಾವಿರ ಪೌಂಡಿಗೂ ಮಿಕ್ಕಿ ಹಣ ಕೂಡಿತು. ಆದರೆ ಮಾಂಸವನ್ನೇ ನೋಡುತ್ತ ಹೋದಂತೆ ಹಾಲು ಮರೆತುಹೋಯಿತು. ಡಿಶ್ಲಿಯ ಲಾಂಗ್‌ಹಾರ್ನ್ ಆಕಳಿಗೆ ಮೈ ಬಂತು, ಕೆಚ್ಚಲು ಸೊರಗಿತು, ಗಬ್ಬ ನಿಲ್ಲುವುದೂ ಕಡಿಮೆಯಾಯಿತು. ಮುಂದಿನ ತಲೆಮಾರಿನ ಒಕ್ಕಲಿಗರು ಅದನ್ನು ಬಿಟ್ಟು ಗಿಡ್ಡ ಕೊಂಬಿನ ಶಾರ್ಟ್‌ಹಾರ್ನ್ ದನಕ್ಕೆ ತಿರುಗಿಕೊಂಡರು.

ಕುರಿಯಲ್ಲಿಯೂ ದೂರುಗಳಿದ್ದವು. ಡಿಶ್ಲಿ ಕುರಿಯ ಮೈಮೇಲೆ ಕೊಬ್ಬು ಬೆರಳುಗಳಷ್ಟು ದಪ್ಪ. ಸಿರಿವಂತರು ಅದನ್ನು ಬಾಯಿಗೆ ಹಚ್ಚಲಿಲ್ಲ. ಗಣಿಯಲ್ಲಿ, ಕಾರ್ಖಾನೆಯಲ್ಲಿ ಮೈಮುರಿದು ದುಡಿಯುವವರಿಗೆ ಕೊಬ್ಬಿನ ಮಾಂಸವೇ ರೊಟ್ಟಿಯ ಜೊತೆಗೆ ಬೇಕಾಗಿತ್ತು, ಅವರು ಕೊಂಡರು. ಬೇಕ್‌ವೆಲ್ಲನು ಬೆಳೆಸುತ್ತಿದ್ದುದೂ ಅವರಿಗಾಗಿಯೇ. ಇನ್ನು ಅವಳಿ ಮರಿಗಳು ಕಡಿಮೆ, ತಾಯಿಗೆ ಹಾಲು ಕಡಿಮೆ ಎಂಬ ದೂರುಗಳು ಸತ್ಯವಾಗಿದ್ದವು. ಆದ್ದರಿಂದ ಜಾಣರಾದವರು ಡಿಶ್ಲಿ ಟಗರನ್ನು ತಮ್ಮ ಊರಿನ ಗಟ್ಟಿ ಕುರಿಗಳಿಗೆ ಕೂಡಿಸಿ ಎರಡರ ಗುಣವನ್ನೂ ಪಡೆದರು. ಅವನ ಶಿಷ್ಯರಾದ ಜಾರ್ಜ್ ಮತ್ತು ಮ್ಯಾಥ್ಯೂ ಕಲ್ಲಿ ಸಹೋದರರು ಉತ್ತರದ ಗಡಿಸೀಮೆಗೆ ಒಯ್ದ ಹಿಂಡಿನಿಂದ ಬಾರ್ಡರ್ ಲೆಸ್ಟರ್ ಎಂಬ ಹೊಸ ತಳಿ ಬಂದಿತು. ಕೋಲಿಂಗ್ ಸಹೋದರರು ಅವನ ವಿಧಾನವನ್ನು ಶಾರ್ಟ್‌ಹಾರ್ನ್ ದನಗಳ ಮೇಲೆ ಪ್ರಯೋಗಿಸಿದರು. ಅವರ ಫೇವರಿಟ್ ಎಂಬ ಹೋರಿಯನ್ನು ಅದರ ತಾಯಿಗೂ, ಹಾಗೆ ಹುಟ್ಟಿದ ಮಗಳಿಗೂ ಕೊಡಿಸಿದರು. ಮಗಳು ಈದ ಕಾಮೆಟ್ ಎಂಬ ಹೋರಿ 1810ರ ಹರಾಜಿನಲ್ಲಿ 1000 ಗಿನಿಗೆ ಮಾರಾಟವಾಯಿತು.

ಬೇಕ್‌ವೆಲ್ಲನು ಇದನ್ನು ನೋಡಲು ಇರಲಿಲ್ಲ. 1795ರ ಅಕ್ಟೋಬರ್ 1ರಂದು ಡಿಶ್ಲಿಯಲ್ಲಿಯೇ, ಎಪ್ಪತ್ತರ ವಯಸ್ಸಿನಲ್ಲಿ ತೀರಿಕೊಂಡನು. ಹೊಲವು ಸೋದರಳಿಯನಿಗೆ ಹೋಯಿತು.

ಅವನ ಹೆಸರು ಆಮೇಲೆ ಎರಡು ಅನಿರೀಕ್ಷಿತ ಸ್ಥಳಗಳಲ್ಲಿ ಕಾಣಿಸುತ್ತದೆ. ಮೊದಲನೆಯದು, ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಪ್ರಕಟಿಸಿದ ಜೀವಿಗಳ ಉಗಮದ ಗ್ರಂಥ. ಬೇಕ್‌ವೆಲ್ಲನ ಶುದ್ಧ ತಳಿಯ ಕುರಿಗಳನ್ನು ಇಬ್ಬರು ಒಕ್ಕಲಿಗರು ಹೊರಗಿನ ಹನಿ ರಕ್ತವೂ ಬೆರೆಯದಂತೆ ಐವತ್ತು ವರ್ಷ ಬೇರೆಬೇರೆ ಸಾಕಿದ್ದರು. ಕೊನೆಗೆ ಎರಡು ಹಿಂಡುಗಳೂ ಬೇರೆ ಜಾತಿಗಳೇನೋ ಎನ್ನುವಷ್ಟು ಬೇರೆಯಾಗಿ ಕಂಡವು. ಇಬ್ಬರಲ್ಲಿ ಯಾರೂ ಬೇಕೆಂದು ಮಾಡಿದ್ದಲ್ಲ. ಪ್ರತಿವರ್ಷ ಮರಿ ಆರಿಸುವಾಗ ಇಬ್ಬರ ಕಣ್ಣೂ ಒಂದೇ ರೀತಿ ನೋಡಿರಲಿಲ್ಲ, ಅಷ್ಟೆ. ನಿಸರ್ಗವೂ ಹೀಗೆಯೇ ಆರಿಸುತ್ತದೆಂಬ ತನ್ನ ವಾದಕ್ಕೆ ಡಾರ್ವಿನ್ನನು ಇದನ್ನೂ ಒಂದು ಸಾಕ್ಷಿಯಾಗಿ ಬಳಸಿಕೊಂಡನು.

ಎರಡನೆಯದು ಯುರೋಪಿನ ನಡುವಿನ ಬ್ರ್ನೋ ಪಟ್ಟಣ. ಆ ಸೀಮೆಯ ಮೊರಾವಿಯಾದಲ್ಲಿ ಉಣ್ಣೆಯ ಗಿರಣಿಗಳು ಹೆಚ್ಚು. ಗೈಸ್ಲರ್ನ್ ಎಂಬ ಜಮೀನುದಾರನು ಬೇಕ್‌ವೆಲ್ಲನ ದಾರಿಯಲ್ಲಿ ಮೆರಿನೊ ಕುರಿಗಳನ್ನು ಬೆಳೆಸಿ ಮೊರಾವಿಯಾದ ಬೇಕ್‌ವೆಲ್ ಎಂದೇ ಹೆಸರು ಪಡೆದನು. 1814ರಲ್ಲಿ ಬ್ರ್ನೋದಲ್ಲಿ ಕುರಿ ಸಾಕುವವರ ಸಂಘ ಹುಟ್ಟಿತು. ಅಲ್ಲಿ ಒಳರಕ್ತದ ಸಂಬಂಧ ಒಳ್ಳೆಯದೋ ಕೆಟ್ಟದ್ದೋ ಎಂದು ವರ್ಷಗಟ್ಟಲೆ ಚರ್ಚೆ ನಡೆಯಿತು. ಆ ಸಭೆಗಳಲ್ಲಿ ಕುಳಿತಿದ್ದ ನಾಪ್ ಎಂಬ ಮಠಾಧಿಪತಿಯು 1837ರಲ್ಲಿ ಚರ್ಚೆಯನ್ನು ಬೇರೆ ಕಡೆಗೆ ತಿರುಗಿಸಿದನು: ಹೇಗೆ ಕೂಡಿಸಬೇಕೆಂಬುದು ಆಮೇಲಿನ ಮಾತು, ಅಷ್ಟಕ್ಕೂ ವಂಶದಲ್ಲಿ ಇಳಿದು ಬರುವುದು ಏನು, ಮತ್ತು ಅದು ಹೇಗೆ ಇಳಿಯುತ್ತದೆ ಎಂಬುದು ಅವನ ಪ್ರಶ್ನೆ. ಆರು ವರ್ಷಗಳ ನಂತರ, 1843ರಲ್ಲಿ, ಅದೇ ನಾಪನ ಮಠಕ್ಕೆ ಒಬ್ಬ ಬಡ ಒಕ್ಕಲಿಗನ ಮಗನು ಸೇರಿದನು. ಅವನ ಹೆಸರು ಗ್ರೆಗರ್ ಮೆಂಡೆಲ್. ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ಅವನ ಬಟಾಣಿ ಗಿಡಗಳ ವಿಷಯ ನಾನು ಹೇಳಬೇಕಾಗಿಲ್ಲ.

ಡಿಶ್ಲಿಯಲ್ಲಿ ಬೇಕ್‌ವೆಲ್ಲನನ್ನು ಮಣ್ಣು ಮಾಡಿದ ಚಿಕ್ಕ ಚರ್ಚು ಈಗ ಮಾಡಿಲ್ಲದ ಮುರುಕು ಗೋಡೆ. ಅವನ ಲೆಸ್ಟರ್ ಕುರಿಯೂ ಇಂಗ್ಲೆಂಡಿನಲ್ಲಿ ಅಪರೂಪವಾಗಿ, ಅಳಿಯುವ ತಳಿಗಳನ್ನು ಕಾಯಲು 1973ರಲ್ಲಿ ಸ್ಥಾಪನೆಯಾದ ಸಂಸ್ಥೆಯೊಂದರ ರಕ್ಷಣೆಯಲ್ಲಿದೆ. ಸೋತಿತೆಂದು ಎಲ್ಲರೂ ಕೈಬಿಟ್ಟಿದ್ದ ಲಾಂಗ್‌ಹಾರ್ನ್ ದನ ಮಾತ್ರ ಈಚೆಗೆ ಮತ್ತೆ ಚೇತರಿಸಿಕೊಂಡಿದೆ.